ಕಾರಿಗೆ ಭಾನುವನ್ನು ಕೂರಿಸಿದ ಭಾನುವಾರ

ಗುಬ್ಬಿ ದಾಟಿ ನಿಟ್ಟೂರಿನ ಕಡೆ ಹೊರಟರೆ ರಾತ್ರಿ ಎಂಟೂವರೆಗೆ ಸೂರ್ಯೋದಯವಾಗುತ್ತದೆ. ಅದೂ ಜೋಡಿ ಸೂರ್ಯ. ಒಂದು ಜೋಡಿ ಮುಳುಗುವ ಹೊತ್ತಿಗೆ ಅದರ ಹಿಂದೆಯೇ ಇನ್ನೊಂದು ಹುಟ್ಟುತ್ತದೆ. ಈ ಖಗೋಳ ವೈಭವದ ನಡುವೆ ನನ್ನ ಹನ್ನೆರಡು ವರ್ಷದ ಕಾರು ದೇವರಮನೆಯ ನಂದಾದೀಪದಂಥ ಎರಡು ಹ್ಯಾಲೊಜೆನ್ ಹೊತ್ತಿಸಿಕೊಂಡು, ಮದುವೆ ಮನೆಗೆ ಕರೆಯದೆ ಬಂದ ನೆಂಟನ ಹಾಗೆ ಎಡಕ್ಕೆ ಎಡಕ್ಕೆ ಸರಿಯುತ್ತ ಹೋಗುತ್ತಿತ್ತು. ಒಮ್ಮೆ ತಡೆಯಲಾರದೆ ಎದುರಿನವನಿಗೆ ಎರಡು ಸಲ ಡಿಪ್ ಹೊಡೆದು ‘ಸ್ವಲ್ಪ ಡಿಮ್ ಮಾಡಪ್ಪ’ ಎಂದು ಬೇಡಿಕೊಂಡೆ. ಅವನು ಹೈ ಬೀಮ್ ಹಾಕಿ ಉತ್ತರ ಕೊಟ್ಟ. ಅಂದರೆ ಅಷ್ಟು ಹೊತ್ತು ನನ್ನನ್ನು ಸುಟ್ಟಿದ್ದು ಅವನ ಲೋ ಬೀಮ್!

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣು ಮೂರು ಸೆಕೆಂಡ್ ಮಂಜಾಯಿತು ಅಂದರೆ 66 ಮೀಟರ್ ನಾನು ಬರೀ ಮನೆದೇವರ ಭರವಸೆಯ ಮೇಲೆ ಸ್ಟೀರಿಂಗ್ ಹಿಡಿದಿದ್ದೇನೆ ಎಂದರ್ಥ. ಆ 66 ಮೀಟರಿನೊಳಗೆ ತಿಪಟೂರು ಸೀಮೆಯಲ್ಲಿ ಒಂದಾದರೂ ಟ್ರ್ಯಾಕ್ಟರ್ ಇದ್ದೇ ಇರುತ್ತದೆ. ಟ್ರೈಲರ್ ತುಂಬ ತೆಂಗಿನ ಮಟ್ಟೆ, ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಅದರದೇ ಎಂಜಿನ್ ಮೇಲೆ ಮಾತ್ರ ನಾಲ್ಕು ಎಲ್‌ಇಡಿ ಪಟ್ಟಿಗಳು ಝಗಝಗ. ನಮ್ಮ ರಸ್ತೆಗಳಲ್ಲಿ ಬೆಳಕಿನ ಹಂಚಿಕೆಯೇ ಹಾಗೆ: ಮುಂದಕ್ಕೆ ಅತಿವೃಷ್ಟಿ, ಹಿಂದಕ್ಕೆ ಅನಾವೃಷ್ಟಿ.

ಇಂಥ ಸಂದರ್ಭದಲ್ಲಿ ಜವಾಬ್ದಾರಿಯುತ ನಾಗರಿಕ ಏನು ಮಾಡಬೇಕೋ ನಾನೂ ಅದನ್ನೇ ಮಾಡಿದೆ. ಅವರಿಗಿಂತ ದೊಡ್ಡದನ್ನು ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ.

ಅಂಗಡಿಯ ಹುಡುಗ ನನ್ನ ಮುಖ ನೋಡಿದ ಕೂಡಲೇ ರೋಗ ಪತ್ತೆ ಹಚ್ಚಿದ. “ನೈಟ್ ಡ್ರೈವಿಂಗ್ ಕಷ್ಟ ಆಗ್ತಿದೆಯಾ ಸಾರ್?” ಎಂದು ವೈದ್ಯರ ಕಕ್ಕುಲತೆಯಿಂದ ಕೇಳಿದ. ಗಾಜಿನ ಕಪಾಟಿನಿಂದ ಒಂದು ಪೆಟ್ಟಿಗೆ ಇಳಿಸಿದ. ಮೇಲೆ ಸಿಂಹದ ಚಿತ್ರ, ಸಿಂಹದ ಕಣ್ಣಿಂದ ಮಿಂಚು. “20,000 ಲ್ಯೂಮೆನ್, 200 ವಾಟ್, 6000 ಕೆ” ಎಂದು ಬರೆದಿತ್ತು. “ಕೆ ಅಂದ್ರೆ ಏನಪ್ಪಾ?” ಎಂದೆ. ಕ್ಷಣ ಯೋಚಿಸಿ, “ಕ್ವಾಲಿಟಿ ಸಾರ್” ಎಂದ. ಅದು ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್, ಹ್ಯಾಲೊಜೆನ್‌ನ ಹಳದಿ ಸುಮಾರು 3200, ಸಂಖ್ಯೆ ಏರಿದಷ್ಟೂ ಬೆಳಕು ನೀಲಿಯ ಕಡೆ ವಾಲುತ್ತದೆ ಅಂತೆಲ್ಲ ಆಮೇಲೆ ಓದಿಕೊಂಡೆ. ಲ್ಯೂಮೆನ್ ಅಂದರೆ ಬೆಳಕು ಎಷ್ಟಿದೆ ಎಂಬುದರ ಅಳತೆ. ಕಂಪನಿ ಹಾಕಿ ಕಳಿಸಿದ್ದ ನನ್ನ ಬಡ ಹ್ಯಾಲೊಜೆನ್ ಲೋ ಬೀಮ್‌ನಲ್ಲಿ ಕೊಡುವುದು ಸುಮಾರು 1000 ಲ್ಯೂಮೆನ್. ಇದು ಅದರ ಇಪ್ಪತ್ತು ಪಟ್ಟಂತೆ. ಪೆಟ್ಟಿಗೆಯ ಮೇಲೆ ಬರೆಯುವುದಕ್ಕೆ ತೆರಿಗೆ ಇಲ್ಲವಲ್ಲ. ನಿಜಕ್ಕೂ ಒಂದೊಂದು ಬಲ್ಬ್ 200 ವಾಟ್ ಎಳೆದಿದ್ದರೆ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 17 ಆಂಪಿಯರ್ ಹರಿದು, ನನ್ನ ಕಾರಿನ 10 ಆಂಪಿಯರ್ ಫ್ಯೂಸ್ ಚಟ್ಟನೆ ಹೋಗಬೇಕಿತ್ತು. ಇವತ್ತಿನವರೆಗೂ ಹೋಗಿಲ್ಲ. ಅದು ಸುಳ್ಳು ಎಂದು ಆ ವ್ಯವಹಾರದಲ್ಲಿ ಮೊದಲು ಅರ್ಥ ಮಾಡಿಕೊಂಡಿದ್ದು ಫ್ಯೂಸ್ ಒಂದೇ.

“ನಾಲ್ಕೂವರೆ ಸಾವಿರ ಸಾರ್. ಜೊತೆಗೆ ಇದೊಂದು ತಗೊಂಡ್ಬಿಡಿ” ಎಂದು ಹಳದಿ ಕನ್ನಡಕ ಮುಂದಿಟ್ಟ.

“ಇದ್ಯಾಕೆ?”

“ಎದುರಿಗೆ ಬರೋರ ಎಲ್‌ಇಡಿ ಕಣ್ಣಿಗೆ ಹೊಡೆಯುತ್ತಲ್ಲ ಸಾರ್, ಅದಕ್ಕೆ.”

“ಅವರಿಗೆ ಎಲ್‌ಇಡಿ ಮಾರಿದವರು ಯಾರು?”

ಹುಡುಗ ನಕ್ಕ. ಊರಿಗೆಲ್ಲ ಕೆಮ್ಮು ಹಂಚಿ, ಅದೇ ಕೌಂಟರಿನಲ್ಲಿ ಕಷಾಯ ಮಾರುವ ಧನ್ವಂತರಿ. ಕನ್ನಡಕವನ್ನೂ ಕೊಂಡೆ. ಕತ್ತಲಲ್ಲಿ ಚೆನ್ನಾಗಿ ಕಾಣಲಿ ಎಂದು ದೀಪಕ್ಕೆ ನಾಲ್ಕೂವರೆ ಸಾವಿರ, ಆ ಬೆಳಕಿನಲ್ಲಿ ಒಂದು ಪಾಲನ್ನು ಕಣ್ಣಿಗೆ ಬಿಡದೆ ತಡೆಯುವ ಕನ್ನಡಕಕ್ಕೆ ಮುನ್ನೂರು. “ಫಿಟ್ಟಿಂಗ್ ಮಾಡಿಕೊಡ್ತೀವಿ, ಐನೂರು” ಎಂದ. ಬೇಡವೆಂದೆ. ಮೊಬೈಲಿನಲ್ಲಿ ಒಬ್ಬ ಬಿಳಿ ಅಂಗಿಯವನು ಅಂಗಿಗೆ ಮಸಿ ತಾಗಿಸಿಕೊಳ್ಳದೆ ಹತ್ತು ನಿಮಿಷದಲ್ಲಿ ಕೂರಿಸಿದ್ದನ್ನು ನೋಡಿದ್ದೆ. ಪ್ಲಗ್ ಅಂಡ್ ಪ್ಲೇ ಅಷ್ಟೆ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಬಾನೆಟ್ ಎತ್ತಿದೆ. ಎಡಗಡೆಯ ದೀಪದ ಹಿಂದೆ ಬ್ಯಾಟರಿ ಕೂತಿದೆ. ದೀಪಕ್ಕೂ ಬ್ಯಾಟರಿಗೂ ನಡುವಿನ ಸಂದಿಯಲ್ಲಿ ಯುಕೆಜಿ ಮಗುವಿನ ಕೈ ಹೋಗಬಹುದು. ಕಾರು ವಿನ್ಯಾಸ ಮಾಡುವವರು ಬಲ್ಬ್ ಬದಲಿಸುವ ಕೆಲಸವನ್ನು ಕೈಯಿಲ್ಲದ ಯಾವುದೋ ಜೀವಿಗೆ ಬಿಟ್ಟಿದ್ದಾರೆ ಎಂದು ನನಗೆ ಅಂದೇ ಖಚಿತವಾಯಿತು. ಕಣ್ಣಿಗೆ ಕಾಣುವುದಿಲ್ಲ, ಬೆರಳ ತುದಿಯಿಂದ ತಡವಿ ತಡವಿ ಮೂರು ಕಾಲಿನ ಕಪ್ಲರ್ ಎಳೆದೆ, ರಬ್ಬರ್ ಮುಚ್ಚಳ ಕಿತ್ತೆ, ತಂತಿಯ ಕ್ಲಿಪ್ ಒತ್ತಿದೆ. ಕ್ಲಿಪ್ ಟಿಂಗ್ ಎಂದು ಸದ್ದು ಮಾಡಿ ಎಂಜಿನ್ನಿನ ಯಾವುದೋ ಪಾತಾಳಕ್ಕೆ ಜಾರಿತು. ಅದನ್ನು ಹುಡುಕಲು ಹೋದ ಸ್ಕ್ರೂಡ್ರೈವರ್ ಕೂಡ ಅದೇ ದಾರಿ ಹಿಡಿಯಿತು. ಸ್ಪೀಕರಿನಿಂದ ಕಿತ್ತ ಅಯಸ್ಕಾಂತಕ್ಕೆ ದಾರ ಕಟ್ಟಿ ಬಾವಿಗೆ ಪಾತಾಳಗರಡಿ ಇಳಿಸಿದಂತೆ ಇಳಿಸಿ ಎರಡನ್ನೂ ಮೇಲೆತ್ತುವಷ್ಟರಲ್ಲಿ ಹನ್ನೊಂದೂವರೆ. “ರೀ, ಹತ್ತು ನಿಮಿಷ ಅಂದ್ರಲ್ಲ?” ಎಂದು ಒಳಗಿಂದ ಧ್ವನಿ ಬಂತು. ಯಾವ ಊರಿನ ಹತ್ತು ನಿಮಿಷ ಎಂದು ಆ ವಿಡಿಯೊದವನು ಹೇಳಿರಲಿಲ್ಲ.

ಹೊಸ ಬಲ್ಬಿನ ಹಿಂಬದಿಗೆ ಒಂದು ಪುಟಾಣಿ ಫ್ಯಾನು. ಅದು ಇರುವುದರಿಂದ ರಬ್ಬರ್ ಮುಚ್ಚಳ ಕೂರುವುದಿಲ್ಲ. ಬ್ಲೇಡಿನಿಂದ ಮುಚ್ಚಳದ ನಡುವೆ ಬಾಯಿ ಕೊರೆದೆ. ಧೂಳು, ನೀರು ಒಳಗೆ ಹೋಗದಂತೆ ತಡೆಯಲು ಕಂಪನಿ ಇಟ್ಟಿದ್ದ ಒಂದೇ ಒಂದು ಮುಚ್ಚಳದಲ್ಲಿ ಅವು ಹೋಗಲು ಬಾಗಿಲು ಮಾಡಿಕೊಟ್ಟ ಹಾಗಾಯಿತು. ಹ್ಯಾಲೊಜೆನ್ ಗಾಜನ್ನು ಬೆರಳಿಂದ ಮುಟ್ಟಬಾರದು, ಎಣ್ಣೆ ಜಿಡ್ಡು ಅಂಟಿದ ಜಾಗ ಕಾದು ಬಲ್ಬ್ ಹೋಗುತ್ತದೆ ಎಂಬ ಮಾತು ನೆನಪಾಯಿತು. ಆ ಹಳೇ ಬಲ್ಬನ್ನು ಮಗುವನ್ನು ಎತ್ತಿಕೊಂಡಂತೆ ಬುಡ ಹಿಡಿದು ಡಿಕ್ಕಿಯಲ್ಲಿಟ್ಟೆ. ಅವತ್ತು ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಸಂಜೆ ಪರೀಕ್ಷೆ. ಸ್ವಿಚ್ ಒತ್ತಿದೆ. ಎದುರು ಮನೆಯ ಎರಡನೇ ಮಹಡಿ ಹಾಲಿನಲ್ಲಿ ತೊಳೆದಂತಾಯಿತು. ಅವರ ತಾರಸಿಯ ನೀರಿನ ಟ್ಯಾಂಕಿನ ಮೇಲಿನ ಅಕ್ಷರ ಇಲ್ಲಿಂದಲೇ ಓದಬಹುದಿತ್ತು. ಮರದಲ್ಲಿ ಮಲಗಿದ್ದ ಕಾಗೆಗಳು ಎದ್ದು ಒಂದೊಂದು ಕೂಗು ಹಾಕಿ, ಮೋಸ ಎಂದು ತಿಳಿದು ಸುಮ್ಮನಾದವು. ಬಾಲ್ಕನಿಗೆ ಬಂದ ಎದುರು ಮನೆಯವರು ಅಂಗೈ ಅಡ್ಡ ಹಿಡಿದು, “ಶೂಟಿಂಗಾ ಸಾರ್?” ಎಂದು ಕೇಳಿದರು. ಎಲ್ಲ ಬೆಳಗಿತು, ಕಾರಿನ ಮುಂದಿನ ರಸ್ತೆಯೊಂದನ್ನು ಬಿಟ್ಟು. ನಮ್ಮ ಮನೆ ಮುಂದಿನ ಗುಂಡಿ ಮೊದಲಿನಷ್ಟೇ ನೆಮ್ಮದಿಯಾಗಿ ಕತ್ತಲಲ್ಲಿ ಮಲಗಿತ್ತು.

ಇದೆಲ್ಲ ಕಾನೂನಿಗೆ ಗೊತ್ತಿಲ್ಲವೇ ಎಂದು ಕೇಳಬೇಡಿ. ಕಾನೂನಿಗೆ ಗೊತ್ತಿಲ್ಲದ್ದು ಯಾವುದಿದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಇದಕ್ಕೇ ಮೀಸಲು. ದೀಪದಿಂದ 8 ಮೀಟರ್ ಮುಂದೆ, ದೀಪದ ಬಲ ಅಂಚಿನಿಂದ ಅರ್ಧ ಮೀಟರ್ ಪಕ್ಕಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣುಳ್ಳ ಯಾರಿಗೂ ಕಣ್ಣು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರಬೇಕು. ಎಷ್ಟು ಕರಾರುವಾಕ್ಕು ನೋಡಿ! ಉಳಿದಿರುವುದು ಇಷ್ಟೆ: ರಾತ್ರಿ ಹೆದ್ದಾರಿಯ ಮಧ್ಯೆ ಟೇಪು ಹಿಡಿದು 8 ಮೀಟರ್ ಅಳೆದು, ಬಲಕ್ಕೆ ಅರ್ಧ ಮೀಟರ್ ಸರಿದು, ಕಣ್ಣು ಒಂದೂವರೆ ಮೀಟರಿಗೆ ಬರುವಷ್ಟು ಮಂಡಿ ಬಗ್ಗಿಸಿ, ಬರುವ ಕಾರಿನ ಎದುರು ನಿಲ್ಲುವ ಒಬ್ಬ ಇನ್‌ಸ್ಪೆಕ್ಟರ್ ಬೇಕು. ಅಂಥವರಿಗೆ ಸರ್ಕಾರ ಮೊದಲು ವಿಮೆ ಮಾಡಿಸಬೇಕಾಗುತ್ತದೆ.

ಹಾಗಂತ ಏನೂ ನಡೆದಿಲ್ಲ ಎಂದರೆ ತಪ್ಪಾಗುತ್ತದೆ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಕಾರ್ಯಾಚರಣೆಗೆ ಇಳಿದು, ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ ಕೇಸು ಹಾಕಿದರು. ಮೊದಲ ಸಲ 500 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 1500. ಆದರೆ ನಮ್ಮ ಜನ ಉಪಕಾರಿಗಳು. ಮುಂದೆ ಪೊಲೀಸರಿದ್ದಾರೆ ಎಂದರೆ ಎದುರಿನಿಂದ ಬರುವ ಅಪರಿಚಿತರೂ ಡಿಪ್ ಹೊಡೆದು ಎಚ್ಚರಿಸುತ್ತಾರೆ. ಕಣ್ಣು ಕುಕ್ಕುವ ದೀಪ ಹಿಡಿಯುವವರು ನಿಂತಿದ್ದಾರೆ ಎಂಬ ಸುದ್ದಿಯನ್ನು ಕಣ್ಣು ಕುಕ್ಕುವ ದೀಪದಿಂದಲೇ ನಮ್ಮ ಕಣ್ಣಿಗೆ ಹೊಡೆದು ಮುಟ್ಟಿಸುವ ಸೌಹಾರ್ದ ಇನ್ನೆಲ್ಲಿದೆ? ನಾಲ್ಕೂವರೆ ಸಾವಿರದ ಬಲ್ಬಿಗೆ 500 ದಂಡ ಸೇರಿದರೆ ಐದು ಸಾವಿರ. ಆನ್‌ರೋಡ್ ಬೆಲೆ ಅನ್ನುವುದು ಇದಕ್ಕೇ.

ಬೆಳಕಿನ ಬಗ್ಗೆ ನಮಗೆ ಕಾಳಜಿಯೇ ಇಲ್ಲ ಎನ್ನುವಂತಿಲ್ಲ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ದೀಪ ಎಂಜಿನ್ ಶುರುವಾದ ಕೂಡಲೇ ಹೊತ್ತಿಕೊಳ್ಳುತ್ತದೆ, ಆರಿಸಲು ಸ್ವಿಚ್ಚೇ ಇಲ್ಲ. ಆದರೂ ಮಟಮಟ ಮಧ್ಯಾಹ್ನ ಸ್ಕೂಟರಿನಲ್ಲಿ ಹೊರಟರೆ ದಾರಿಯುದ್ದಕ್ಕೂ ಹತ್ತು ಜನ ಅಂಗೈ ಬಿಚ್ಚಿ ಮುಚ್ಚಿ ‘ಲೈಟ್ ಉರೀತಿದೆ’ ಎಂದು ಸನ್ನೆ ಮಾಡುತ್ತಾರೆ. ಹಗಲಲ್ಲಿ ಯಾರ ತಂಟೆಗೂ ಹೋಗದ ಮಿಣುಕು ದೀಪಕ್ಕೆ ಇಷ್ಟೊಂದು ಆತಂಕ. ಅದೇ ಹತ್ತು ಜನ ರಾತ್ರಿಯಾದ ಮೇಲೆ ಏನಾಗುತ್ತಾರೋ! ಹೆದ್ದಾರಿಗಳ ನಡುವೆ ಕಣಗಿಲೆ ಗಿಡ ನೆಟ್ಟಿರುವುದು ಸೊಗಸಿಗಷ್ಟೇ ಅಲ್ಲ, ಎದುರು ಸಾಲಿನ ದೀಪ ಕಣ್ಣಿಗೆ ಬೀಳದಿರಲಿ ಅಂತಲೂ. ಪಾಪ, ಕಣಗಿಲೆಯ ಎತ್ತರಕ್ಕೆ ಒಂದು ಮಿತಿಯಿದೆ.

ಮುಂದಿನ ಶನಿವಾರ ರಾತ್ರಿ ತಿಪಟೂರಿನ ಮಾವನ ಮನೆಗೆ ಹೊರಟೆವು. ಏನು ಹೇಳಲಿ ಆ ಗತ್ತು! ಎದುರಿನವರೆಲ್ಲ ಹಣೆಗೆ ಕೈ ಹಚ್ಚುತ್ತಿದ್ದರು, ಗೌರವವೆಂದೇ ತಿಳಿದೆ. ಆಟೊಗಳು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ಮೊಪೆಡ್ಡಿನವನೊಬ್ಬ ಮಣ್ಣಿಗಿಳಿದು ನನ್ನ ತಾಯಿಯನ್ನೂ ಅವರ ತಾಯಿಯನ್ನೂ ನೆನೆಸಿಕೊಂಡ. ಕೆ.ಬಿ. ಕ್ರಾಸ್ ಹತ್ತಿರ ಮಳೆ ಹಿಡಿಯಿತು ನೋಡಿ, ಎಲ್ಲ ಬಣ್ಣ ಬಯಲಾಯಿತು. ಹನಿಗಳೆಲ್ಲ ಬೆಳ್ಳಗೆ ಹೊಳೆದು ಮುಂದೆ ಸುಣ್ಣದ ಗೋಡೆ ಎದ್ದಂತಾಗಿ, ರಸ್ತೆಯ ಅಂಚು ಎಲ್ಲಿದೆ ಎಂದು ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಬೇಕಾಯಿತು.

ಊಟವಾದ ಮೇಲೆ ಬಾಮೈದ “ಭಾವ, ಕೀ ಕೊಡಿ, ಬಾಳೆಹಣ್ಣು ತರ್ತೀನಿ” ಎಂದು ಕಾರು ತೆಗೆದುಕೊಂಡು ಹೋದ. ಮಾವನವರ ಜೊತೆ ನಾನು ಬೀದಿದೀಪವಿಲ್ಲದ ಆ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹಾಕುತ್ತಿದ್ದೆ. ತಿರುವಿನಲ್ಲಿ ಎರಡು ಸೂರ್ಯ ಎದ್ದವು. ಪಕ್ಕದಲ್ಲಿ ಹಿರಿಯರಿದ್ದಾರೆ ಎಂಬುದನ್ನೂ ಮರೆತು, ಕಣ್ಣು ಮುಚ್ಚಿಕೊಂಡು, “ಯಾವನೋ ಅವನು, ಡಿಮ್ ಮಾಡೋ ಬೇವರ್ಸಿ!” ಎಂದು ಕಿರುಚಿದೆ. ಸೂರ್ಯ ನಮ್ಮ ಪಕ್ಕಕ್ಕೇ ಬಂದು ನಿಂತು, “ನಾನೇ ಭಾವ. ಡಿಮ್‌ನಲ್ಲೇ ಇದೆ” ಎಂದಿತು.

ಮಾವ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಹೆಚ್ಚು ಮಾತಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. “ಹಳೇ ಬಲ್ಬ್ ಇದೆಯಾ ಅಳಿಯಂದ್ರೆ?” ಡಿಕ್ಕಿಯಿಂದ ತಂದುಕೊಟ್ಟೆ. ಅದರೊಳಗೆ ಒಂದು ತಂತಿಯ ಕೆಳಗೆ ಪುಟ್ಟ ಬೋಗುಣಿಯಂಥ ತಗಡು ತೋರಿಸಿದರು. “ಡಿಮ್ ತಂತಿಯ ಬೆಳಕು ಡೂಮಿನ, ಅಂದ್ರೆ ದೀಪದೊಳಗಿನ ಹೊಳೆಯೋ ಬಟ್ಟಲಿನ, ಕೆಳಗರ್ಧಕ್ಕೆ ಬೀಳದ ಹಾಗೆ ಹಿಡಿಯೋದು ಇದೇ. ಬಿದ್ರೆ ಎದುರಿನವನ ಕಣ್ಣಿಗೆ ಚಿಮ್ಮುತ್ತೆ. ತಂತಿ ಎಲ್ಲಿದೆಯೋ ಅದಕ್ಕೆ ಸರಿಯಾಗಿ ಡೂಮ್ ಮಾಡಿರ್ತಾರೆ. ನಿಮ್ಮ ಈ ಹೊಸದರಲ್ಲಿ ಬೆಳಕು ಹುಟ್ಟೋ ಜಾಗ ಒಂಚೂರು ಆಚೀಚೆ ಆದ್ರೂ ಮುಗೀತು, ಆಕಾಶ ನೋಡುತ್ತೆ. ನಮ್ಮ ಕಾಲದಲ್ಲಿ ಹೆಡ್‌ಲೈಟಿನ ಮೇಲೆ ಕಪ್ಪು ಬಳೀತಿದ್ವಿ, ಎದುರಿನವನಿಗೆ ಹೊಡೀಬಾರದು ಅಂತ.” ಆಮೇಲೆ ಹೆಡ್‌ಲೈಟಿನ ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆರೆದು, “ಇದನ್ನ ಯಾವಾಗ ಒರೆಸಿದ್ದು?” ಎಂದರು.

ಒರೆಸುವುದೇ? ಹನ್ನೆರಡು ವರ್ಷದ ಬಿಸಿಲಿಗೆ ಅದು ಹಳೇ ಪೇಪರಿನ ಹಾಗೆ ಹಳದಿಗಟ್ಟಿತ್ತು. ಬಚ್ಚಲಿನಿಂದ ಟೂತ್‌ಪೇಸ್ಟ್ ತರಿಸಿ, ಹಳೇ ಪಂಚೆಯ ತುಂಡಿನಿಂದ ಅರ್ಧ ಗಂಟೆ ತಿಕ್ಕಿದರು. ಸಿಂಹವನ್ನು ಇಳಿಸಿ ಹ್ಯಾಲೊಜೆನ್ ಏರಿಸಿದರು, ಬ್ಯಾಟರಿ ಪಕ್ಕದ ಸಂದಿಗೆ ಅವರ ಕೈ ಹೇಗೆ ಹೋಯಿತೋ ದೇವರೇ ಬಲ್ಲ. ಕೊರೆದ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ತೇಪೆ ಬಿತ್ತು. ಕೊನೆಗೆ ಸ್ಟೀರಿಂಗಿನ ಪಕ್ಕ ಸೊನ್ನೆಯಿಂದ ಮೂರರವರೆಗೆ ಅಂಕಿ ಇರುವ ಒಂದು ಗುಂಡಿಯನ್ನು ತಿರುಗಿಸಿ, ದೀಪ ಮೇಲೆ ಕೆಳಗೆ ಮಾಡುವುದು ಇದರಲ್ಲೇ ಎಂದರು. ಹಿಂದೆ ಜನ, ಸಾಮಾನು ತುಂಬಿ ಮೂತಿ ಮೇಲೆದ್ದಾಗ ಬಳಸಬೇಕಂತೆ. ಹನ್ನೆರಡು ವರ್ಷ ನಾನು ಅದು ಎಸಿಗೆ ಸಂಬಂಧಪಟ್ಟದ್ದು ಎಂದುಕೊಂಡು, ಸೆಕೆಯಾದಾಗಲೆಲ್ಲ ಮೂರಕ್ಕೆ ಇಡುತ್ತಿದ್ದೆ.

ಆ ರಾತ್ರಿ ವಾಪಸು ಬರುವಾಗ ರಸ್ತೆ ಕಂಡಿತು. ಗುಂಡಿಗಳೂ ಕಂಡವು, ಒಂದೆರಡು ಹಳೇ ಪರಿಚಯದವು.

ಹೊರಡುವ ಹೊತ್ತಿಗೆ ಬಾಮೈದ ಸಿಂಹದ ಪೆಟ್ಟಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. “ನಿಮಗೆ ಬೇಡ ಅಂದ್ರೆ ನನ್ನ ಜೀಪಿಗೆ ಹಾಕ್ಕೊಳ್ಳಲಾ ಭಾವ? ಈ ರೋಡಲ್ಲಿ ಎದುರಿನವರ ಲೈಟು ತಡ್ಕೊಳ್ಳಕ್ಕಾಗಲ್ಲ.” ತಗೋ ಎಂದೆ. ಆ ಹಳದಿ ಕನ್ನಡಕವನ್ನೂ ಕೇಳಿದ, ಅದನ್ನು ಮಾತ್ರ ಕೊಡಲಿಲ್ಲ. ಸಾಮಾನ್ಯವಾಗಿ ಭಾನುವಾರ ರಾತ್ರಿ ಅವನು ಬೆಂಗಳೂರಿನಿಂದ ಕೊಬ್ಬರಿ ಹಣ ಹಿಡಿದುಕೊಂಡು ಊರಿಗೆ ವಾಪಸಾಗುವುದು, ನಾನು ಊರಿಂದ ಬೆಂಗಳೂರಿಗೆ ಹೊರಡುವುದು ಒಂದೇ ಹೊತ್ತಿಗೆ, ಅದೇ ಗುಬ್ಬಿ ರಸ್ತೆಯಲ್ಲಿ.