22ಕ್ಕೇ ವಯಸ್ಸಾಯ್ತಾ?

ಅಕ್ಕನ ಮಗಳು ಮೊನ್ನೆ ಕೇಳಿದಳು, "ಚಿಕ್ಕಮ್ಮ, ಮತ್ತೆ ಸ್ವಿಮ್ಮಿಂಗ್ ಪ್ರಾಕ್ಟೀಸ್ ಶುರು ಮಾಡ್ಲಾ?" ಎಸ್ಸೆಸ್ಸೆಲ್ಸಿವರೆಗೆ ರಾಜ್ಯ ಮಟ್ಟದಲ್ಲಿ ಈಜಿದವಳು. ಆಮೇಲೆ ಪಿಯುಸಿ, ಸಿಇಟಿ ಅಂತ ಎಲ್ಲ ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿಬಿಟ್ಟಳು, "ವಯಸ್ಸಾಯ್ತು ಬಿಡೇ, ಅದೆಲ್ಲ ಚಿಕ್ಕ ಮಕ್ಕಳಿಗೆ." ಹುಡುಗಿಗೆ ಈಗ 22. ಅವಳ ಮುಖ ಸಣ್ಣಗಾಗಿದ್ದು ನನ್ನ ಕಣ್ಣ ಮುಂದೆಯೇ ಇದೆ.

ಅಮೆರಿಕದ ಈಜುಗಾರ್ತಿ ಡಾರಾ ಟೊರೆಸ್ 1984ರ ಒಲಿಂಪಿಕ್ಸ್‌ನಲ್ಲಿ 17ನೇ ವಯಸ್ಸಿಗೆ ರಿಲೇ ಚಿನ್ನ ಗೆದ್ದವರು. 2008ರಲ್ಲಿ ಬೀಜಿಂಗ್‌ಗೆ ಹೋದಾಗ ಅವರಿಗೆ 41. ಮನೆಯಲ್ಲಿ ಎರಡು ವರ್ಷದ ಮಗಳು. ಅಲ್ಲಿ ಮೂರು ಬೆಳ್ಳಿ ಗೆದ್ದರು. 50 ಮೀಟರ್ ಫ್ರೀಸ್ಟೈಲ್ ಫೈನಲ್‌ನಲ್ಲಿ ಅವರು ಗೋಡೆ ಮುಟ್ಟಿದ್ದು 24.07 ಸೆಕೆಂಡಿಗೆ. ಚಿನ್ನ ಗೆದ್ದ ಜರ್ಮನಿಯ ಬ್ರಿಟಾ ಸ್ಟೆಫೆನ್ 24.06. ಸ್ಟೆಫೆನ್‌ಗೆ ಆಗ 24 ವರ್ಷ!

"ವಯಸ್ಸು ಬರೀ ಒಂದು ಸಂಖ್ಯೆ" ಅನ್ನುವ ಮಾತು ಮಾತ್ರ ನನಗೆ ಹಿಡಿಸುವುದಿಲ್ಲ. ವಯಸ್ಸು ನಿಜ. 20ರಲ್ಲಿ ಮೈ ಎಷ್ಟು ದಣಿದರೂ ಬೆಳಗಾಗುವಷ್ಟರಲ್ಲಿ ಸುಧಾರಿಸಿಕೊಳ್ಳುತ್ತದೆ. 40ರಲ್ಲಿ ಹಾಗಲ್ಲ. ಟೊರೆಸ್ ಇದನ್ನು ಒಪ್ಪಿಕೊಂಡೇ ತಯಾರಿ ಮಾಡಿದರು. ಈಜು ವಾರಕ್ಕೆ ಐದೇ ದಿನ, ಅದೂ ಮೊದಲಿಗಿಂತ ಎಷ್ಟೋ ಕಡಿಮೆ ದೂರ. ಅದರ ಜೊತೆಗೆ ಜಿಮ್, ಮಸಾಜ್, ಸ್ಟ್ರೆಚಿಂಗ್. ಸ್ಟ್ರೆಚಿಂಗ್ ಮಾಡಿಸುವುದಕ್ಕೆಂದೇ ಇಬ್ಬರಿದ್ದರು. ವರ್ಷದ ಖರ್ಚು ಒಂದು ಲಕ್ಷ ಡಾಲರ್‌ಗೆ ಕಡಿಮೆಯಿರಲಿಲ್ಲ. ಅದನ್ನು ಹೇಳದೆ ಸುಮ್ನೆ ಛಲದ ಕಥೆ ಹೇಳಿದರೆ ಮೋಸವಾಗುತ್ತದೆ.

ವಯಸ್ಸಾದ ಮೇಲೂ ಗೆಲ್ಲುವ ಈಜುಗಾರರು ಹೆಚ್ಚಾಗಿ 50 ಮೀಟರ್‌ನಲ್ಲೇ ಗೆಲ್ಲುವುದಕ್ಕೂ ಕಾರಣವಿದೆ. ಒಂದೇ ಉದ್ದ, ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ದಮ್ಮು ಮೊದಲಿನಷ್ಟು ಇಲ್ಲದಿದ್ದರೂ ಕಸುವು ಉಳಿದಿರುತ್ತದೆ. ಡೈವ್, ಕೈ ನೀರನ್ನು ಹಿಡಿಯುವ ರೀತಿ, ಗೋಡೆ ಮುಟ್ಟುವ ಗಳಿಗೆ, ಇವೆಲ್ಲ ವರ್ಷ ಕಳೆದ ಹಾಗೆ ಹದವಾಗುತ್ತವೆ. ಅಮೆರಿಕದ ಆಂಥನಿ ಎರ್ವಿನ್ 19ನೇ ವಯಸ್ಸಿನಲ್ಲಿ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದು, ವರ್ಷಗಟ್ಟಲೆ ಈಜು ಬಿಟ್ಟು, 2016ರಲ್ಲಿ ರಿಯೋದಲ್ಲಿ 35ಕ್ಕೆ ಮತ್ತೆ ಗೆದ್ದರು. ಬ್ರೆಜಿಲ್‌ನ ನಿಕೋಲಸ್ ಸ್ಯಾಂಟೋಸ್ 2022ರಲ್ಲಿ 25 ಮೀಟರ್ ಪೂಲ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 50 ಮೀಟರ್ ಬಟರ್‌ಫ್ಲೈ ಗೆದ್ದಾಗ ಅವರಿಗೆ 42.

ನಮ್ಮ ಪಕ್ಕದ ಕೊಲ್ಹಾಪುರದ ವೀರ್‌ಧವಳ್ ಖಾಡೆ ನೆನಪಾದರೆ ಹೊಟ್ಟೆ ಉರಿಯುತ್ತದೆ. 2010ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಹುಡುಗ. ಆಮೇಲೆ ತಹಶೀಲ್ದಾರ್ ಕೆಲಸ. ಈಜಿನಿಂದ ವರ್ಷಗಳ ಕಾಲ ದೂರ. ಮರಳಿ ಬಂದು 2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿದರು. ಕಂಚು ತಪ್ಪಿದ್ದು 0.01 ಸೆಕೆಂಡಿನಲ್ಲಿ. ಆಗ ಅವರಿಗೆ ಇನ್ನೂ 26. ನಡುವೆ ಹೋದ ಆ ವರ್ಷಗಳು ಪೂಲ್‌ನಲ್ಲಿ ಕಳೆದಿದ್ದರೆ? ಅವರನ್ನು ತಡೆದದ್ದು ವಯಸ್ಸಲ್ಲ. ನಮ್ಮಲ್ಲಿ ಈಜುಗಾರರು ಮುದುಕರಾಗುವುದಿಲ್ಲ. ಅದಕ್ಕೆ ಮೊದಲೇ ನಾವು ನೀರಿನಿಂದ ಎಬ್ಬಿಸಿಬಿಡುತ್ತೇವೆ. ಮೊದಲು ಓದಿಗೆ, ಆಮೇಲೆ ಕೆಲಸಕ್ಕೆ, ಹೆಣ್ಣುಮಕ್ಕಳಾದರೆ ಮದುವೆಗೆ. ನಮ್ಮ ಮನೆಯಲ್ಲೂ ಆಗಿದ್ದು ಅದೇ. ಆಗ ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಟೊರೆಸ್ 2012ರಲ್ಲಿ ಮತ್ತೊಮ್ಮೆ ಪ್ರಯತ್ನಪಟ್ಟರು, 45ನೇ ವಯಸ್ಸಿನಲ್ಲಿ. 0.09 ಸೆಕೆಂಡಿನಲ್ಲಿ ಒಲಿಂಪಿಕ್ಸ್ ತಂಡ ತಪ್ಪಿತು. ನಮ್ಮ ಹುಡುಗಿ ಅಲ್ಲಿವರೆಗೂ ಹೋಗುತ್ತಾಳೆ ಅಂತ ನಾನು ಹೇಳುತ್ತಿಲ್ಲ. ಅವಳಿಗೆ ಆಸೆ ಇದೆ, ಅಷ್ಟು ಸಾಕು. ಭಾನುವಾರ ಬೆಳಿಗ್ಗೆ ಆರಕ್ಕೆ ಪೂಲ್‌ಗೆ ಕರೆದುಕೊಂಡು ಹೋಗುತ್ತೇನೆ. ಅಕ್ಕ, ಇದನ್ನು ಓದಿದ ಮೇಲೆ ಒಂದು ಫೋನ್ ಮಾಡು.