ಸತ್ಯಾಂಶ: ಕಲ್ಲುಪ್ಪು ಹಾಕಿದರೆ ಹವಳ ಬೆಳೆಯುತ್ತಾ?

‘ಹಳೆ ಮೀನಿನ ತೊಟ್ಟಿಗೆ ಕಲ್ಲುಪ್ಪು ಹಾಕಿ, ಮನೆಯಲ್ಲೇ ಹವಳ ಬೆಳೆಸಿ’ ಎಂಬ ಮೆಸೇಜ್ ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಗಾಜಿನ ತೊಟ್ಟಿಯನ್ನೇನೋ ಮತ್ತೆ ಬಳಸಬಹುದು. ಆದರೆ ಕಲ್ಲುಪ್ಪಲ್ಲಿ ಇರೋದು ಬಹುತೇಕ ಸೋಡಿಯಂ ಕ್ಲೋರೈಡ್. ಹವಳಕ್ಕೆ ಕ್ಯಾಲ್ಸಿಯಂ ಬೇಕು, ಲೀಟರಿಗೆ ಸುಮಾರು 420 ಮಿಲಿಗ್ರಾಂ. ಮೆಗ್ನೀಸಿಯಂ ಅದಕ್ಕಿಂತ ಜಾಸ್ತಿ. ಹಾಗಾಗಿ ರೀಫ್ ಅಕ್ವೇರಿಯಂಗೆಂದೇ, ಅಂದರೆ ಹವಳ ಸಾಕುವ ಉಪ್ಪುನೀರಿನ ತೊಟ್ಟಿಗೆಂದೇ ಬರುವ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಆರ್‌ಒ ನೀರಿಗೆ ಬೆರೆಸಬೇಕು. ಬೋರ್‌ವೆಲ್ ನೀರು ಬೇಡ.

ಸೆಕೆಂಡ್ ಹ್ಯಾಂಡ್ ತೊಟ್ಟಿಯಾದರೆ, ಮೀನಿಗೆ ತಾಮ್ರದ ಔಷಧಿ ಹಾಕಿದ್ದರಾ ಎಂದು ಮೊದಲು ಕೇಳಿ. ಹಳೆ ಜಲ್ಲಿಯಲ್ಲಿ ಉಳಿದ ತಾಮ್ರ ಸಿಗಡಿ, ಹವಳಗಳಿಗೆ ವಿಷ. ಆ ಜಲ್ಲಿ, ಫಿಲ್ಟರ್ ಸ್ಪಂಜು ಬಳಸಲೇಬೇಡಿ. ತೊಟ್ಟಿಯಲ್ಲಿ ಗೋಲ್ಡ್‌ಫಿಶ್ ಇದ್ದರೆ ದಯವಿಟ್ಟು ಉಪ್ಪು ಸುರಿಯಬೇಡಿ. ಪಾಪ, ಸತ್ತೇ ಹೋಗುತ್ತವೆ. ಹೊಸ ನೀರಲ್ಲಿ ಜಲಜೀವಿಗಳಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಇಳಿಯಲು ಹಲವು ವಾರ ಬೇಕು. ಅಲ್ಲಿಯವರೆಗೆ ಮೀನು, ಹವಳ ತರಬೇಡಿ.