ದಿನದ ಓಡಾಟಕ್ಕೆ ವರ್ಟಸ್ ಜಿಟಿಯೋ, ವರ್ನಾ ಟರ್ಬೊವೋ?

ಬೆಂಗಳೂರಿನಲ್ಲಿದ್ದು ದಿನವೂ ಕಚೇರಿಗೆ ಕಾರಿನಲ್ಲೇ ಹೋಗಿಬರುವ, ತಿಂಗಳಿಗೊಮ್ಮೆ ಊರಿನ ಹಾದಿ ಹಿಡಿಯುವ, ಆಗೆಲ್ಲ ಹಿಂದಿನ ಸೀಟಿನಲ್ಲಿ ವಯಸ್ಸಾದ ತಂದೆತಾಯಿಯನ್ನು ಕೂರಿಸಿಕೊಳ್ಳಬೇಕಾದ ಒಬ್ಬರು, ಓಡಿಸುವ ಸುಖವನ್ನೂ ಬಿಟ್ಟುಕೊಡದೆ ಚುರುಕಾದ ಸೆಡಾನ್ ಒಂದನ್ನು ಕೊಳ್ಳಲು ಹೊರಟಿದ್ದಾರೆ ಎಂದುಕೊಳ್ಳೋಣ. ಅವರ ಮುಂದೆ ಇರುವುದು ಎರಡು ಕಾರುಗಳು: 2022ರ ಜೂನ್‌ನಲ್ಲಿ ಬಂದ ಫೋಕ್ಸ್‌ವ್ಯಾಗನ್ ವರ್ಟಸ್‌ನ ಜಿಟಿ ಮಾದರಿ ಮತ್ತು 2023ರ ಮಾರ್ಚ್‌ನಲ್ಲಿ ಬಂದ ಹ್ಯುಂಡೈ ವರ್ನಾದ ಟರ್ಬೊ ಮಾದರಿ. ಹೊಸದಲ್ಲ, ಎರಡು ಮೂರು ವರ್ಷ ಓಡಿದವು. ಇದಕ್ಕೆ ಕಾರಣ ನಮ್ಮ ರಾಜ್ಯದ ಜೀವಾವಧಿ ತೆರಿಗೆ. ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷದೊಳಗಿನ ಕಾರಿಗೆ ಕರ್ನಾಟಕದಲ್ಲಿ ಶೇ 17ರಷ್ಟು ತೆರಿಗೆ, ಆ ತೆರಿಗೆಯ ಮೇಲೆ ಮತ್ತೆ ಶೇ 11ರ ಸೆಸ್. ಹದಿನೇಳು ಲಕ್ಷದ ಕಾರಿಗೆ ಇದೊಂದೇ ಮೂರು ಲಕ್ಷ ಇಪ್ಪತ್ತು ಸಾವಿರದ ಹತ್ತಿರ ಬರುತ್ತದೆ. ಮೊದಲ ಮಾಲೀಕರು ಕಟ್ಟಿದ ಈ ಹಣ ಅವರಿಗೆ ಮಾರುವಾಗ ಪೂರ್ತಿ ವಾಪಸು ಬರುವುದಿಲ್ಲ. ಎರಡನೆಯವರಿಗೆ ಅದೇ ಲಾಭ.

ಪ್ರಶ್ನೆಯನ್ನು ಹೀಗೆ ಇಡುತ್ತೇನೆ: ದಿನದ ಓಡಾಟಕ್ಕೆ ವರ್ನಾ ಟರ್ಬೊಗಿಂತ ವರ್ಟಸ್ ಜಿಟಿಯೇ ಮೇಲೆ? ಎರಡೂ ಪಕ್ಷವನ್ನು ನಾನೇ ವಾದಿಸುತ್ತೇನೆ. ಮೊದಲನೆಯದನ್ನು ಚಾಲಕನ ಸೀಟಿನಲ್ಲಿ ಕೂತು, ಎರಡನೆಯದನ್ನು ಹಿಂದಿನ ಸೀಟಿನ ಗೊಣಗಾಟಕ್ಕೆ ಕಿವಿಗೊಟ್ಟು.

ಪರ

ಅಂಕಿಗಳ ಲೆಕ್ಕವನ್ನು ಮೊದಲು ಮುಗಿಸಿಬಿಡುವುದು ಒಳ್ಳೆಯದು, ಏಕೆಂದರೆ ಅದರಲ್ಲಿ ವರ್ಟಸ್ ಸೋಲುತ್ತದೆ ಮತ್ತು ಆ ಸೋಲಿನಿಂದ ಏನೂ ನಷ್ಟವಿಲ್ಲ. ವರ್ಟಸ್ ಜಿಟಿಯ 1.5 ಲೀಟರ್ ಟರ್ಬೊ ಎಂಜಿನ್ 150 ಪಿಎಸ್ (ಅಶ್ವಶಕ್ತಿಯಂಥದೇ ಅಳತೆ) ಶಕ್ತಿ ಕೊಡುತ್ತದೆ, ವರ್ನಾದ 1.5 ಲೀಟರ್ ಟರ್ಬೊ 160 ಪಿಎಸ್ ಕೊಡುತ್ತದೆ. ಎಳೆಯುವ ಬಲ ಒಂದರಲ್ಲಿ 250 ನ್ಯೂಟನ್ ಮೀಟರ್, ಇನ್ನೊಂದರಲ್ಲಿ 253. ಈ ಬಲ ಎರಡರಲ್ಲೂ ಎಂಜಿನ್ ನಿಮಿಷಕ್ಕೆ ಸುಮಾರು 1,500-1,600 ಸುತ್ತು ತಿರುಗುವಾಗಲೇ ಪೂರ್ತಿ ಸಿಗತೊಡಗಿ 3,500 ಸುತ್ತಿನವರೆಗೆ ಕೈಬಿಡುವುದಿಲ್ಲ. ಊರೊಳಗೆ ಓಡಿಸುವಾಗ ಎಂಜಿನ್ ಇರುವುದು ಇದೇ ಪಟ್ಟಿಯೊಳಗಾದ್ದರಿಂದ ಮೇಲಿನ ಹತ್ತು ಪಿಎಸ್ ಎಲ್ಲಿ ಸಿಗುತ್ತದೆಂದು ಹುಡುಕಿಕೊಂಡು ಹೋಗಬೇಕಾಗುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್, ತಲೆಯ ಮೇಲೆ ಕ್ಯಾಮೆರಾ ಬೇರೆ. 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ದಂಡವಷ್ಟೇ ಅಲ್ಲ, ಎಫ್‌ಐಆರ್ ಹಾಕುವುದಾಗಿ ಪೊಲೀಸರು ಹೇಳಿದ್ದೂ ಆಯಿತು. ಹೀಗಿರುವಾಗ ಯಾವ ಕಾರು ಅರ್ಧ ಸೆಕೆಂಡು ಮೊದಲು ನೂರು ಮುಟ್ಟುತ್ತದೆ ಎಂಬ ಚರ್ಚೆ ಕಾಫಿ ಹೊತ್ತಿನ ಮಾತಿಗಷ್ಟೇ ಸರಿ.

ವರ್ಟಸ್‌ನ ನಿಜವಾದ ಬಲ ಎಂಜಿನ್ನಿನಲ್ಲಿಲ್ಲ, ಅದನ್ನು ಹೊತ್ತಿರುವ ಒಡಲಿನಲ್ಲಿದೆ. ಸರ್ವಿಸ್ ರಸ್ತೆಯಿಂದ ಹೊರವರ್ತುಲ ರಸ್ತೆಗೆ ಸೇರುವ ಕ್ಷಣವನ್ನು ತೆಗೆದುಕೊಳ್ಳಿ. ಎಡಕ್ಕೆ ಬಿಎಂಟಿಸಿ ಬಸ್ಸು, ಬಲಕ್ಕೆ ಕಂಪನಿಯ ಕ್ಯಾಬು, ನಡುವೆ ಒಂದೂವರೆ ಕಾರಿನಷ್ಟು ಜಾಗ, ಅದೂ ಎರಡು ಸೆಕೆಂಡಿಗೆ ಮಾತ್ರ. ಆಗ ಬೇಕಾಗುವುದು ಶಕ್ತಿಗಿಂತ ಹೆಚ್ಚಾಗಿ ಸ್ಟೇರಿಂಗ್ ತಿರುಗಿಸಿದಷ್ಟೇ ತಿರುಗುವ, ಬ್ರೇಕ್ ಒತ್ತಿದಾಗ ಮೂಗು ಮುಗ್ಗರಿಸದ, ಒಮ್ಮೆಗೇ ಪಥ ಬದಲಿಸಿದಾಗ ಮೈ ತೂಗಾಡಿಸದ ಕಾರು. ವರ್ಟಸ್‌ನ ಸ್ಟೇರಿಂಗ್‌ನಲ್ಲಿ ತೂಕವಿದೆ, ಸಸ್ಪೆನ್ಷನ್‌ನಲ್ಲಿ ಬಿಗಿಯಿದೆ. ವರ್ನಾದ ಸ್ಟೇರಿಂಗ್ ಹಗುರ. ಪಾರ್ಕಿಂಗ್‌ನಲ್ಲಿ ಹಿತವೆನಿಸುವ ಆ ಹಗುರತನ ಎಂಬತ್ತು ದಾಟಿದ ಮೇಲೆ ಅಷ್ಟು ಭರವಸೆ ಕೊಡುವುದಿಲ್ಲ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮಳೆ ಹಿಡಿದಾಗ ಒಂದರ ಮೇಲೊಂದು ಬರುವ ತಿರುವುಗಳಲ್ಲಿ ಈ ವ್ಯತ್ಯಾಸ ಕೈಗೆ ನೇರವಾಗಿ ತಿಳಿಯುತ್ತದೆ. ಘಾಟಿ ದಿನದ ಓಡಾಟವೇ ಎಂದು ಕೇಳಬಹುದು. ಮಂಗಳೂರಿನ ಕಡೆಯವರಿಗೆ ತಿಂಗಳಿಗೊಮ್ಮೆ ಅದು ತಪ್ಪುವುದಿಲ್ಲ.

ವರ್ಟಸ್‌ಗೆ ನೆಲದಿಂದ ಎತ್ತರ 179 ಮಿಲಿಮೀಟರ್ ಎಂದು ಕಂಪನಿ ಹೇಳುತ್ತದೆ. ಸೆಡಾನ್‌ಗೆ ಇದು ಒಳ್ಳೆಯ ಎತ್ತರ. ಬಡಾವಣೆಯ ಸಂಘದವರೇ ಸಿಮೆಂಟು ಸುರಿದು ಮಾಡಿಸಿದ, ಯಾವ ಅಳತೆಗೂ ಸಿಗದ ಹಂಪ್‌ಗಳನ್ನು ನಾಲ್ಕು ಜನ ಕೂತಿರುವಾಗ ದಾಟಿದವರಿಗೆ ಇದರ ಬೆಲೆ ಗೊತ್ತು.

ಹೆದ್ದಾರಿಗೆ ಬಂದರೆ ಈ ಎಂಜಿನ್ನಿನಲ್ಲಿ ಇನ್ನೊಂದು ಜಾಣತನವಿದೆ. ಕಾಲು ಹಗುರವಾಗಿದ್ದು ಒಂದೇ ವೇಗದಲ್ಲಿ ಸಾಗುವಾಗ ನಾಲ್ಕು ಸಿಲಿಂಡರುಗಳಲ್ಲಿ ಎರಡು ತಾವಾಗಿಯೇ ಕೆಲಸ ನಿಲ್ಲಿಸುತ್ತವೆ. ಪೆಡಲ್ ಒತ್ತಿದೊಡನೆ ಮತ್ತೆ ಎಚ್ಚರಗೊಳ್ಳುತ್ತವೆ. ಚನ್ನಪಟ್ಟಣ ದಾಟಿದ ಮೇಲಿನ ನೇರ ದಾರಿಯಲ್ಲಿ ತೊಂಬತ್ತರ ಆಸುಪಾಸಿನಲ್ಲಿ ಹೋಗುವವರಿಗೆ ಇದು ಪೆಟ್ರೋಲು ಉಳಿಸುತ್ತದೆ, ಮತ್ತು ಯಾವಾಗ ನಿಂತಿತು, ಯಾವಾಗ ಶುರುವಾಯಿತು ಎಂಬುದು ಮೈಗೆ ತಿಳಿಯುವುದೇ ಇಲ್ಲ.

ಕೊನೆಗೆ ಉಳಿದಿರುವುದೇ ಈ ಪಕ್ಷದ ಅತ್ಯಂತ ಭಾರವಾದ ಮಾತು. ಕಾರುಗಳ ಸುರಕ್ಷತೆಯನ್ನು ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2023ರಲ್ಲಿ ಎರಡೂ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿತು, ಎರಡಕ್ಕೂ ಐದು ನಕ್ಷತ್ರ ಕೊಟ್ಟಿತು. ಜಾಹೀರಾತು ಅಲ್ಲಿಗೆ ಮುಗಿಯುತ್ತದೆ, ವರದಿ ಮುಗಿಯುವುದಿಲ್ಲ. ವರ್ಟಸ್‌ನ ಒಡಲಿನ ಚೌಕಟ್ಟು ಸ್ಥಿರ ಎಂದು ಅದರಲ್ಲಿದೆ. ವರ್ನಾದ ಚೌಕಟ್ಟು ಅಸ್ಥಿರ, ಇನ್ನೂ ಹೆಚ್ಚಿನ ಹೊರೆಯನ್ನು ತಡೆಯಲಾರದು ಎಂದಿದೆ. ನಕ್ಷತ್ರ ಎಣಿಸುವವರು ಈ ಒಂದು ಸಾಲನ್ನೂ ಓದಬೇಕು. ಮನೆಯವರನ್ನೆಲ್ಲ ಕೂರಿಸಿಕೊಂಡು ಹೆದ್ದಾರಿಗಿಳಿಯುವ ಕಾರನ್ನು ಆರಿಸುವಾಗ ಬೇರೆ ಎಲ್ಲ ಸವಲತ್ತುಗಳೂ ಇದರ ನಂತರ ಬರುತ್ತವೆ.

ವಿರೋಧ

ಮೇಲಿನ ವಾದವನ್ನು ಮತ್ತೊಮ್ಮೆ ಓದಿ ನೋಡಿ: ಹೊರವರ್ತುಲ ರಸ್ತೆಗೆ ಸೇರುವ ಎರಡು ಸೆಕೆಂಡು, ಶಿರಾಡಿಯ ತಿರುವು, ಚನ್ನಪಟ್ಟಣದ ನೇರ ದಾರಿ. ಇವೆಲ್ಲ ಕಾರು ಓಡುವ ಹೊತ್ತು. ದಿನದ ಓಡಾಟದಲ್ಲಿ ಕಾರು ಬಹುಪಾಲು ಓಡುವುದಿಲ್ಲ, ತೆವಳುತ್ತದೆ. ನನ್ನ ದಾರಿ ಹದಿನೇಳು ಕಿಲೋಮೀಟರ್. ಬೆಳಗ್ಗೆ ಎಂಟೂವರೆಗೆ ಹೊರಟರೆ ಒಂದು ಗಂಟೆ ಹತ್ತು ನಿಮಿಷ. ಆ ಎಪ್ಪತ್ತು ನಿಮಿಷಗಳಲ್ಲಿ ಮೂರನೇ ಗೇರಿಗಿಂತ ಮೇಲೆ ಹೋಗುವುದು ಎರಡು ಮೇಲ್ಸೇತುವೆಗಳ ಮೇಲೆ ಮಾತ್ರ. ಆದ್ದರಿಂದ ಕೇಳಬೇಕಾದದ್ದು ಎಂಬತ್ತರಲ್ಲಿ ಯಾವುದು ಚೆನ್ನ ಎಂದಲ್ಲ, ಎಂಟರಲ್ಲಿ ಯಾವುದು ಚೆನ್ನ ಎಂದು.

ಇಲ್ಲಿ ಗೇರ್‌ಬಾಕ್ಸಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಎರಡೂ ಕಾರುಗಳ ಆಟೊಮ್ಯಾಟಿಕ್ ಎಂದರೆ ಏಳು ಗೇರಿನ, ಎರಡು ಕ್ಲಚ್ಚಿನ ಪೆಟ್ಟಿಗೆ. ಒಂದು ಕ್ಲಚ್ಚು ಒಂದು, ಮೂರು, ಐದು, ಏಳನೇ ಗೇರುಗಳನ್ನು, ಇನ್ನೊಂದು ಎರಡು, ನಾಲ್ಕು, ಆರನ್ನು ನೋಡಿಕೊಳ್ಳುತ್ತದೆ. ಮುಂದಿನ ಗೇರು ಮೊದಲೇ ಸಿದ್ಧವಾಗಿರುವುದರಿಂದ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆದರೆ ಈ ಕ್ಲಚ್ಚುಗಳು ಒಣ ಕ್ಲಚ್ಚುಗಳು, ಎಣ್ಣೆಯಲ್ಲಿ ಮುಳುಗಿದವಲ್ಲ. ಬ್ರೇಕ್ ಅರ್ಧ ಬಿಟ್ಟು ಅಡಿ ಅಡಿಯಾಗಿ ಮುಂದೆ ಸರಿಯುವಾಗ ಮೊದಲ ಗೇರಿನ ಕ್ಲಚ್ಚು ಪೂರ್ತಿ ಕಚ್ಚಿಕೊಳ್ಳದೆ ಉಜ್ಜಿಕೊಳ್ಳುತ್ತಲೇ ಇರುತ್ತದೆ; ಹುಟ್ಟುವ ಬಿಸಿ ಹೋಗಲು ಗಾಳಿಯೊಂದೇ ದಾರಿ. ನನ್ನ ಹಿಂದಿನ ಕಾರಿನಲ್ಲಿ ಇಂಥದೇ ಪೆಟ್ಟಿಗೆಯಿತ್ತು, ಕಂಪನಿಯ ಹೆಸರು ಇಲ್ಲಿ ಬೇಡ. ಏಪ್ರಿಲ್ ತಿಂಗಳ ಒಂದು ಸಂಜೆ ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲಿ ನಲವತ್ತು ನಿಮಿಷ ತೆವಳಿದ ಮೇಲೆ ಫಲಕದಲ್ಲಿ ಬಿಸಿಯ ಎಚ್ಚರಿಕೆ ಹೊತ್ತಿಕೊಂಡಿತು. ಪಕ್ಕಕ್ಕೆ ನಿಲ್ಲಿಸಲು ಪಕ್ಕವೇ ಇಲ್ಲದ ಜಾಗ ಅದು. ಹಿಂದಿನ ಆಟೊದವರು ಹಾರ್ನ್ ಹೊಡೆದು ಹೊಡೆದು, ಕೊನೆಗೆ ಇಳಿದು ಬಂದು, ಕಿಟಕಿಯಲ್ಲಿ ಇಣುಕಿ, "ಏನ್ ಸಾರ್, ಹೊಸ ಗಾಡಿನಾ?" ಎಂದರು. ಅಂದಿನಿಂದ ಮುಂದಿನ ಗಾಡಿ ಎರಡು ಕಾರಿನಷ್ಟು ದೂರ ಹೋಗುವವರೆಗೆ ಬ್ರೇಕ್ ಒತ್ತಿಯೇ ನಿಲ್ಲುವುದನ್ನು ರೂಢಿಸಿಕೊಂಡೆ. ಆ ಖಾಲಿ ಜಾಗಕ್ಕೆ ಮೂರು ಸ್ಕೂಟರ್‌ಗಳು ಬಂದು ಸೇರುತ್ತವೆ ಎಂಬುದು ಬೇರೆ ಮಾತು.

ಒಣ ಕ್ಲಚ್ಚು ಎರಡಕ್ಕೂ ಸಮಾನವಾಗಿರುವಾಗ ಇದು ವರ್ಟಸ್ ವಿರುದ್ಧದ ವಾದ ಹೇಗಾಗುತ್ತದೆ? ಎರಡು ಕಾರಣಗಳಿಂದ. ವರ್ಟಸ್‌ನಲ್ಲಿರುವ, ಫೋಕ್ಸ್‌ವ್ಯಾಗನ್ ಡಿಎಸ್‌ಜಿ ಎಂದು ಕರೆಯುವ ಎರಡು ಕ್ಲಚ್ಚಿನ ಪೆಟ್ಟಿಗೆ ತಡೆದುಕೊಳ್ಳಬಲ್ಲ ಬಲದ ಮೇಲ್ಮಿತಿಯೇ 250 ನ್ಯೂಟನ್ ಮೀಟರ್, ಈ ಎಂಜಿನ್ ಕೊಡುವುದೂ ಸರಿಯಾಗಿ ಅಷ್ಟೇ. ಅಂದರೆ ಮಿಗಿತ ಎಂಬುದು ಇಲ್ಲ. ಎರಡನೆಯದು ಇನ್ನೂ ಮುಖ್ಯ: ಈ ತಲೆನೋವೇ ಬೇಡ ಎನ್ನುವವರಿಗೆ ವರ್ನಾ ಟರ್ಬೊ ಮೊದಲ ದಿನದಿಂದಲೂ ಆರು ಗೇರಿನ ಮ್ಯಾನ್ಯುವಲ್‌ನಲ್ಲಿ ಸಿಗುತ್ತಿತ್ತು. ವರ್ಟಸ್ ಜಿಟಿಯ 1.5 ಎಂಜಿನ್ ಮೊದಲ ವರ್ಷ ಡಿಎಸ್‌ಜಿ ಜೊತೆಗೆ ಮಾತ್ರ ಬಂದು, ಮ್ಯಾನ್ಯುವಲ್ ಸೇರಿದ್ದು 2023ರಲ್ಲಿ. ಹಳೆಯ ಕಾರು ಹುಡುಕುವವರಿಗೆ ಈ ಒಂದು ವರ್ಷ ದೊಡ್ಡದು. ಎಡಗಾಲು ನೋಯುತ್ತದೆ ನಿಜ, ಆದರೆ ಕ್ಲಚ್ಚು ಸವೆದರೆ ಅದನ್ನು ಬದಲಿಸುವ ಮೆಕ್ಯಾನಿಕ್ ನಮ್ಮ ಬೀದಿಯ ಕೊನೆಯಲ್ಲೂ ಇದ್ದಾನೆ. ಎರಡು ಒಣ ಕ್ಲಚ್ಚುಗಳ ಜೋಡಿಗೆ ವಿಶೇಷ ಉಪಕರಣ ಇರುವ ಗ್ಯಾರೇಜೇ ಬೇಕು, ಮತ್ತು ಹ್ಯುಂಡೈ ಸರ್ವಿಸ್ ಸಿಗುವಷ್ಟು ಊರುಗಳಲ್ಲಿ ಫೋಕ್ಸ್‌ವ್ಯಾಗನ್ ಸರ್ವಿಸ್ ಸಿಗುವುದಿಲ್ಲ. ಊರಿಗೆ ಹೋದಾಗ ಕೆಟ್ಟರೆ ಕಾರನ್ನು ಎಲ್ಲಿಗೆ ಎಳೆಸಬೇಕು ಎಂಬ ಪ್ರಶ್ನೆ ಕೊಳ್ಳುವ ಮೊದಲೇ ಕೇಳಿಕೊಳ್ಳತಕ್ಕದ್ದು.

ಆಟೊಮ್ಯಾಟಿಕ್ಕೇ ಬೇಕೆಂದರೂ ವರ್ನಾದ ಡಿಸಿಟಿಯಲ್ಲಿ, ಅಂದರೆ ಅದರ ಎರಡು ಕ್ಲಚ್ಚಿನ ಪೆಟ್ಟಿಗೆಯ ಕಾರಿನಲ್ಲಿ, ಒಂದು ಅನುಕೂಲವಿದೆ. ಅದರ ಮೇಲಿನ ಮಾದರಿಗಳಲ್ಲಿ ಮುಂದಿನ ವಾಹನವನ್ನು ರೇಡಾರಿನಿಂದ ಅಳೆದು ತಾನೇ ನಿಂತು ತಾನೇ ಹೊರಡುವ ಕ್ರೂಸ್ ಕಂಟ್ರೋಲ್ ಇದೆ. ಮ್ಯಾನ್ಯುವಲ್‌ನಲ್ಲಿ ಇದು ಸಿಗುವುದಿಲ್ಲವಾದ್ದರಿಂದ ಎರಡರಲ್ಲಿ ಒಂದನ್ನು ಬಿಡಲೇಬೇಕು. 2022ರಲ್ಲಿ ಬಂದ ವರ್ಟಸ್‌ನಲ್ಲಿ ರೇಡಾರೂ ಇಲ್ಲ, ಚಾಲಕನಿಗೆ ನೆರವಾಗುವ ಎಡಾಸ್ ಎನ್ನುವ ಬಳಗದ ಬೇರೆ ಸವಲತ್ತುಗಳೂ ಇಲ್ಲ. ಈ ಬಳಗದಲ್ಲಿ ಎಲ್ಲವೂ ನಮಗೆ ಉಪಯುಕ್ತವೆಂದು ಹೇಳುತ್ತಿಲ್ಲ. ಪಥದ ಗೆರೆ ಹಿಡಿದು ನಡೆಸುವ ಸಾಧನಕ್ಕೆ ಮೊದಲು ಗೆರೆಗಳು ಬೇಕು, ಬೆಂಗಳೂರಿನ ಡಾಂಬರಿನ ಮೇಲೆ ಅವು ಒಂದು ಮಳೆಗಾಲ ಬಾಳಿದರೆ ಹೆಚ್ಚು. ಆದರೆ ಕನ್ನಡಿಯಲ್ಲಿ ಕಾಣದ ಮೂಲೆಯಲ್ಲಿ ಬೈಕ್ ಬಂದಾಗ ಎಚ್ಚರಿಸುವುದು, ಪಾರ್ಕಿಂಗ್‌ನಿಂದ ಹಿಂದಕ್ಕೆ ತೆಗೆಯುವಾಗ ಅಡ್ಡ ಬರುವ ವಾಹನವನ್ನು ಹೇಳುವುದು, ಇವು ದಿನವೂ ಕೆಲಸಕ್ಕೆ ಬರುತ್ತವೆ. ಬ್ರೇಕಿನ ಮಾತಿಗೆ ಬಂದರೆ ವರ್ನಾ ಟರ್ಬೊದ ಮೇಲಿನ ಮಾದರಿಯಲ್ಲಿ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಇದೆ. ಕ್ರೀಡೆಯ ಹೆಸರು ಹೊತ್ತ ವರ್ಟಸ್ ಜಿಟಿಯ ಹಿಂದಿನ ಚಕ್ರಗಳಲ್ಲಿ ಡ್ರಮ್ ಇದೆ. ಪರಪಕ್ಷ ಈ ವಿಷಯ ಎತ್ತಲೇ ಇಲ್ಲ.

ಬಿಗಿಯಾದ ಸಸ್ಪೆನ್ಷನ್ ಚಾಲಕನಿಗೆ ಹಿತ. ಹಿಂದೆ ಕೂತವರಿಗೆ, ಅದೂ ಇಪ್ಪತ್ತರ ವೇಗದಲ್ಲಿ, ಗುಂಡಿಯ ಅಂಚು ಅಂಚೂ ಬೆನ್ನಿಗೆ ವರದಿಯಾಗುತ್ತದೆ. ವರ್ನಾ ಇಲ್ಲಿ ಮೆತ್ತಗೆ ನಡೆಯುತ್ತದೆ; ಅದರ ಚಕ್ರಾಂತರ, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2,670 ಮಿಲಿಮೀಟರ್, ವರ್ಟಸ್‌ನದು 2,651. ಹಿಂದಕ್ಕೆ ಇಳಿಜಾರಾದ ವರ್ನಾದ ಸೂರಿನಿಂದಾಗಿ ಹತ್ತುವಾಗ ತಲೆ ಬಗ್ಗಿಸಬೇಕು ಎಂಬುದನ್ನು ಮುಚ್ಚಿಡುವುದಿಲ್ಲ. ಡಿಕ್ಕಿ ಎರಡರಲ್ಲೂ ಐನೂರು ಲೀಟರ್ ಮೀರಿ ದೊಡ್ಡದು, ಮದುವೆ ಮನೆಯ ಸಾಮಾನಿಗೆ ಸಾಕು. ಮೈಲೇಜು ಕಾಗದದ ಮೇಲೆ ವರ್ನಾ ಡಿಸಿಟಿಗೆ ಲೀಟರಿಗೆ 20.6 ಕಿಲೋಮೀಟರ್, ವರ್ಟಸ್ ಜಿಟಿ ಬಂದಾಗ 18.67; ಸಿಲ್ಕ್ ಬೋರ್ಡ್‌ನ ವಾಹನದಟ್ಟಣೆಯಲ್ಲಿ ಎರಡೂ ಹತ್ತರ ಆಸುಪಾಸಿಗೆ ಬಂದು ನಿಲ್ಲುತ್ತವೆ. ಎರಡು ಸಿಲಿಂಡರ್ ನಿಲ್ಲಿಸುವ ಜಾಣತನಕ್ಕೆ ಅಲ್ಲಿ ಅವಕಾಶವೇ ಸಿಗುವುದಿಲ್ಲ.

ಚೌಕಟ್ಟಿನ ಸ್ಥಿರತೆಯ ವಾದಕ್ಕೆ ಈ ಪಕ್ಷದಲ್ಲಿ ಪೂರ್ತಿ ಉತ್ತರವಿಲ್ಲ, ಇದ್ದಂತೆ ನಟಿಸುವುದೂ ಸರಿಯಲ್ಲ. ಅಂಕಗಳ ಅಂತರ ಅಷ್ಟಿಲ್ಲ ಎಂದಷ್ಟೇ ಹೇಳಬಹುದು: ದೊಡ್ಡವರ ರಕ್ಷಣೆಯಲ್ಲಿ 34ಕ್ಕೆ ವರ್ಟಸ್ 29.71, ವರ್ನಾ 28.18; ಮಕ್ಕಳ ರಕ್ಷಣೆಯಲ್ಲಿ ಎರಡೂ 49ಕ್ಕೆ 42. ವಾರಕ್ಕೆ ಎರಡು ಬಾರಿ ಹೆದ್ದಾರಿಗಿಳಿಯುವವರಾದರೆ ನಾನೂ ವರ್ಟಸ್ ಕಡೆಗೇ ಕೈ ತೋರಿಸುತ್ತೇನೆ. ಊರೊಳಗೇ ಬದುಕು ಕಳೆಯುವ ಕಾರಿಗೆ ನನ್ನ ಮತ ವರ್ನಾ ಟರ್ಬೊ ಮ್ಯಾನ್ಯುವಲ್‌ಗೆ.

ಯಾವುದನ್ನು ಕೊಂಡರೂ ಎರಡನ್ನೂ ಒಂದೇ ದಿನ, ಷೋರೂಮಿನ ಮುಂದಿನ ನುಣುಪು ರಸ್ತೆಯಲ್ಲಲ್ಲ, ನಿಮ್ಮ ಮನೆಯ ಬೀದಿಯ ಹಂಪ್‌ನ ಮೇಲೆ ಓಡಿಸಿ ನೋಡಿ. ಹಿಂದೆ ಅಪ್ಪನನ್ನೋ ಅಮ್ಮನನ್ನೋ ಕೂರಿಸಿ, ಕನ್ನಡಿಯಲ್ಲಿ ಅವರ ಕೈಯನ್ನು ಗಮನಿಸಿ: ಬಾಗಿಲ ಮೇಲಿನ ಹಿಡಿಕೆಗೆ ಕೈ ಹೋಯಿತೇ, ತೊಡೆಯ ಮೇಲೇ ಇತ್ತೇ? ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರವೂ ಆ ಹೆಸರನ್ನು ತೆಗೆಸಲು ಬೇಕಾದ ಫಾರಂ 35ರೂ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಪುಣೆಯ ನೋಂದಣಿಯ ವರ್ಟಸ್ ಒಂದು ಲಕ್ಷ ಕಡಿಮೆಗೆ ಸಿಗುತ್ತದೆಂದು ಯಾರಾದರೂ ಹೇಳಿದರೆ, ಇಲ್ಲಿಗೆ ತಂದು ನಂಬರ್ ಬದಲಿಸುವಾಗ ಕರ್ನಾಟಕದ ತೆರಿಗೆಯನ್ನು ನೀವೇ ಕಟ್ಟಬೇಕು ಎಂಬುದನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ.